ಮನೆಯ ಅಂತರಜಾಲದ ಕೀಲಿಕೈ ಯಾರ ಬಳಿ ಇರಬೇಕು?

ಹೊಸ ಮನೆಗೆ ಕಾಲಿಟ್ಟವರು ಮೊದಲ ದಿನವೇ ನೀರಿನ ಮುಖ್ಯ ವಾಲ್ವ್ ಎಲ್ಲಿದೆ, ಫ್ಯೂಸ್ ಯಾವ ಗೋಡೆಯ ಮೇಲಿದೆ ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ಅಡುಗೆ ಅನಿಲದ ರೆಗ್ಯುಲೇಟರನ್ನು ರಾತ್ರಿ ಮುಚ್ಚಿ ಮಲಗುವ ಅಭ್ಯಾಸ ನಮ್ಮ ಬಹುತೇಕ ಮನೆಗಳಲ್ಲಿದೆ. ಆದರೆ ಬ್ಯಾಂಕಿನ ವ್ಯವಹಾರ, ಕಚೇರಿಯ ಕಡತ, ಮಕ್ಕಳ ಪಾಠ, ರಕ್ತಪರೀಕ್ಷೆಯ ವರದಿ, ದೂರದ ಊರಿನಲ್ಲಿರುವ ಮಗನ ಮುಖ ಎಲ್ಲವೂ ಹಾದುಬರುವ ಆ ಪುಟ್ಟ ಪೆಟ್ಟಿಗೆಯ ಬಗ್ಗೆ ನಮಗೆ ತಿಳಿದಿರುವುದು ಒಂದೇ: ಹಸಿರು ದೀಪ ಉರಿಯುತ್ತಿದ್ದರೆ ಎಲ್ಲ ಸರಿಯಾಗಿದೆ, ಕೆಂಪು ದೀಪ ಬಂದರೆ ಫೋನ್ ಮಾಡಬೇಕು. ಅದನ್ನು ತಯಾರಿಸಿದವರು ಯಾರು, ಅದರೊಳಗಿನ ತಂತ್ರಾಂಶ ಯಾವ ವರ್ಷದ್ದು, ಅದರ ಕೀಲಿಕೈ ಯಾರ ಬಳಿ ಇದೆ ಎಂಬ ಪ್ರಶ್ನೆಗಳನ್ನು ಕೇಳುವ ಮನೆಗಳು ವಿರಳ.

ಕಳೆದ ಕೆಲವು ತಿಂಗಳುಗಳಿಂದ ನಾನು ಈ ಪ್ರಶ್ನೆಗಳ ಬೆನ್ನು ಹತ್ತಿದ್ದೇನೆ. ಸೇವೆ ಒದಗಿಸುವ ಸಂಸ್ಥೆ ಕೊಟ್ಟ ರೂಟರನ್ನೇ ಬಳಸುತ್ತ ಹೋಗಬೇಕೆ, ಅಥವಾ ನಮ್ಮ ಮನೆಗೆ ಬೇಕಾದ ರೂಟರನ್ನು ನಾವೇ ಸಿದ್ಧಪಡಿಸಿಕೊಳ್ಳಬೇಕೆ ಎಂಬುದು ನನ್ನ ಮುಂದಿದ್ದ ಆಯ್ಕೆ. ಮೇಲುನೋಟಕ್ಕೆ ಇದು ಯಂತ್ರಗಳ ಗೀಳು ಹಿಡಿದವರ ಹವ್ಯಾಸದಂತೆ ಕಾಣುತ್ತದೆ. ಆಳಕ್ಕೆ ಇಳಿದಂತೆ, ಇದು ವೇಗದ ಅಥವಾ ಹಣದ ಪ್ರಶ್ನೆಯಲ್ಲ, ಹೊಣೆಗಾರಿಕೆಯ ಪ್ರಶ್ನೆ ಎಂಬುದು ನನಗೆ ಮನವರಿಕೆಯಾಯಿತು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಒಂದು ದೂರವಾಣಿ ತಂತಿ, ಒಂದು ಮೋಡೆಮ್, ಒಂದು ಕಂಪ್ಯೂಟರ್. ಕೆಲಸ ಮುಗಿದೊಡನೆ ಸಂಪರ್ಕ ಕಡಿದುಹೋಗುತ್ತಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದೆಂದು ಹೇಳಿತ್ತು. ಇಂದು ನಗರದ ಸಾಮಾನ್ಯ ಮಧ್ಯಮ ವರ್ಗದ ಮನೆಗೂ ಆಪ್ಟಿಕಲ್ ಫೈಬರ್ ಬಂದಿದೆ. ಮೊಬೈಲ್, ಲ್ಯಾಪ್‌ಟಾಪ್, ಟಿ.ವಿ., ಬಾಗಿಲ ಬಳಿಯ ಕ್ಯಾಮೆರಾ, ಕೆಲವೆಡೆ ಗೀಸರ್ ಮತ್ತು ವಾಷಿಂಗ್ ಮೆಷಿನ್ ಕೂಡ ಹಗಲಿರುಳೂ ಜಾಲಕ್ಕೆ ಅಂಟಿಕೊಂಡಿರುತ್ತವೆ. ಇವೆಲ್ಲವನ್ನೂ ಒಂದೇ ಹೊರಗಿನ ದಾರಿಗೆ ಜೋಡಿಸಿ, ಒಳಗೆ ಬರುವ ಮಾಹಿತಿ ಯಾರದ್ದೆಂದು ಗುರುತಿಸಿ ಅವರಿಗೇ ತಲುಪಿಸಿ, ಕರೆಯದೆ ಬಂದದ್ದನ್ನು ಬಾಗಿಲಲ್ಲೇ ತಡೆಯುವುದು ರೂಟರಿನ ಕೆಲಸ. ಅದು ವರ್ಷದ 365 ದಿನವೂ ಆರದೆ ದುಡಿಯುವ ಒಂದು ಕಂಪ್ಯೂಟರ್. ಅದಕ್ಕೆ ಪರದೆ ಮತ್ತು ಕೀಲಿಮಣೆ ಇಲ್ಲದಿರುವುದರಿಂದ ನಾವು ಅದನ್ನು ಕಂಪ್ಯೂಟರ್ ಎಂದು ಭಾವಿಸುವುದಿಲ್ಲ, ಅಷ್ಟೆ.

ಅದು ಕಂಪ್ಯೂಟರ್ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಪೆಟ್ಟಿಗೆ. 2002ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಈ ರೂಟರಿನೊಳಗೆ ಲಿನಕ್ಸ್ ಇದೆ ಎಂಬುದನ್ನು ಆಸಕ್ತರು ಪತ್ತೆ ಹಚ್ಚಿದರು. ಲಿನಕ್ಸಿನ ಪರವಾನಗಿಯ ಪ್ರಕಾರ, ಅದನ್ನು ಬಳಸಿ ವಸ್ತು ಮಾರುವವರು ಮೂಲ ಸಂಕೇತವನ್ನು ಬಳಕೆದಾರರಿಗೆ ಒದಗಿಸಬೇಕು. ಅಷ್ಟರಲ್ಲಿ ಲಿಂಕ್‌ಸಿಸನ್ನು ಕೊಂಡುಕೊಂಡಿದ್ದ ಸಿಸ್ಕೊ ಸಂಸ್ಥೆ ಒತ್ತಾಯಕ್ಕೆ ಮಣಿದು 2003ರಲ್ಲಿ ಆ ಸಂಕೇತವನ್ನು ಪ್ರಕಟಿಸಿತು. ಅದರ ಬುನಾದಿಯ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹುಟ್ಟಿತು. ಇಂದು ನೂರಾರು ಮಾದರಿಯ ರೂಟರುಗಳಲ್ಲಿ ಕಂಪನಿಯ ತಂತ್ರಾಂಶವನ್ನು ತೆಗೆದು ಇದನ್ನು ಹಾಕಿಕೊಳ್ಳಬಹುದು. ತಯಾರಕ ಕೈಬಿಟ್ಟ ಎಷ್ಟೋ ಪೆಟ್ಟಿಗೆಗಳು ಸ್ವಯಂಸೇವಕರ ಆರೈಕೆಯಲ್ಲಿ ವರ್ಷಗಟ್ಟಲೆ ಬಾಳುತ್ತಿವೆ.

ಇದರ ಅಗತ್ಯವಾದರೂ ಏನು? ಕಂಪನಿ ಕೊಟ್ಟದ್ದು ಕೆಲಸ ಮಾಡುತ್ತಿಲ್ಲವೆ? ಈ ಪ್ರಶ್ನೆಗೆ ಉತ್ತರ ಕಳೆದ ಹತ್ತು ವರ್ಷಗಳ ಘಟನೆಗಳಲ್ಲಿದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಲ್ಲೇ ಇಟ್ಟ ಸುಮಾರು ಅರವತ್ತು ಹೆಸರು-ಪಾಸ್‌ವರ್ಡ್‌ಗಳ ಜೋಡಿಗಳನ್ನು ಒಂದಾದ ಮೇಲೊಂದು ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಇಂಥ ಸಾಧನಗಳ ಸೈನ್ಯ ಡಿನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಎಟುಕದಾದವು. ಮರುತಿಂಗಳು ಜರ್ಮನಿಯಲ್ಲಿ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕಡಿದುಹೋಯಿತು. ಕಂಪನಿಗಳು ದೂರದಿಂದಲೇ ರೂಟರುಗಳನ್ನು ನಿರ್ವಹಿಸಲೆಂದು ತೆರೆದಿಟ್ಟುಕೊಳ್ಳುವ ಬಾಗಿಲನ್ನೇ ದಾಳಿಕೋರರು ತಟ್ಟಿದ್ದರು.

2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು ಕುತಂತ್ರಾಂಶ 54 ದೇಶಗಳ ಕನಿಷ್ಠ 5 ಲಕ್ಷ ಸಾಧನಗಳಲ್ಲಿ ಸೇರಿಕೊಂಡಿರುವುದು ಬಯಲಾಯಿತು. ಮನೆಯ ರೂಟರನ್ನು ಒಮ್ಮೆ ಆರಿಸಿ ಹಚ್ಚಿರೆಂದು ಅಮೆರಿಕದ ಎಫ್‌ಬಿಐ ಸಾರ್ವಜನಿಕರನ್ನು ಕೋರಬೇಕಾಯಿತು. 2024ರ ಜನವರಿಯಲ್ಲಿ ಆ ದೇಶದ ನ್ಯಾಯಾಂಗ ಇಲಾಖೆ ಇನ್ನೊಂದು ಸಂಗತಿ ಪ್ರಕಟಿಸಿತು. ಚೀನಾ ಸರ್ಕಾರದ ಬೆಂಬಲವಿದೆಯೆಂದು ಅದು ಹೇಳಿದ ಗುಂಪೊಂದು ಅಮೆರಿಕದ ಮನೆ ಮತ್ತು ಸಣ್ಣ ಕಚೇರಿಗಳ ನೂರಾರು ರೂಟರುಗಳೊಳಗೆ ಅಡಗಿ, ಅಲ್ಲಿಂದ ಮುಖ್ಯ ಮೂಲಸೌಕರ್ಯಗಳತ್ತ ಕಣ್ಣು ಹಾಕಿತ್ತು. ಆ ರೂಟರುಗಳಲ್ಲಿ ಬಹುಪಾಲು ತಯಾರಕರು ಪರಿಷ್ಕರಣೆ ನಿಲ್ಲಿಸಿದ ಹಳೆಯ ಮಾದರಿಗಳು.

ಈ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ಅಂಶವೊಂದಿದೆ. ಪೆಟ್ಟಿಗೆಗಳು ಕೆಟ್ಟಿರಲಿಲ್ಲ, ಹಸಿರು ದೀಪ ಉರಿಯುತ್ತಲೇ ಇತ್ತು. ಅವುಗಳ ಯೋಗಕ್ಷೇಮ ನೋಡಿಕೊಳ್ಳುವವರು ಇರಲಿಲ್ಲ. ಮೊಬೈಲು ತಿಂಗಳಿಗೊಮ್ಮೆಯಾದರೂ ಪರಿಷ್ಕರಣೆ ಬೇಡುತ್ತದೆ. ನಾವೂ ಗೊಣಗುತ್ತಲೇ ಒಪ್ಪಿಕೊಳ್ಳುತ್ತೇವೆ. ರೂಟರು ಮಾತ್ರ ಏನನ್ನೂ ಬೇಡುವುದಿಲ್ಲ. ಅದರ ಮೌನವನ್ನು ನಾವು ಆರೋಗ್ಯವೆಂದು ತಿಳಿದಿದ್ದೇವೆ.

ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಸಂಪರ್ಕ ಕೊಡಲು ಬಂದ ಯುವಕ ಅರ್ಧ ಗಂಟೆಯಲ್ಲಿ ಚುರುಕಾಗಿ ಕೆಲಸ ಮುಗಿಸಿದ. ವೈ-ಫೈಗೆ ನನ್ನ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿಕೊಟ್ಟ. ಪೆಟ್ಟಿಗೆಯ ಆಡಳಿತದ ಪಾಸ್‌ವರ್ಡ್ ಯಾವುದೆಂದು ಕೇಳಿದಾಗ, ‘ಅದು ನಿಮಗೆ ಬೇಕಾಗಲ್ಲ ಸಾರ್, ಏನಾದ್ರೂ ಆದ್ರೆ ನಾವೇ ಅಲ್ಲಿಂದ ನೋಡ್ಕೋತೀವಿ’ ಎಂದ. ಅವನ ಮಾತಿನಲ್ಲಿ ವಂಚನೆಯಿರಲಿಲ್ಲ, ಸಹಾಯದ ಮನಸ್ಸೇ ಇತ್ತು. ಸೇವಾ ಸಂಸ್ಥೆಗಳು ಗ್ರಾಹಕರ ರೂಟರುಗಳನ್ನು ದೂರದಿಂದ ನಿರ್ವಹಿಸಲು ಟಿಆರ್-069 ಎಂಬ ಸಿದ್ಧ ಕ್ರಮವೇ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಸಾವಿರಾರು ಮನೆಗಳಿಗೆ ಒಬ್ಬೊಬ್ಬರನ್ನು ಕಳುಹಿಸುವುದು ಅವರಿಗೆ ಸಾಧ್ಯವಿಲ್ಲ ಎಂಬುದೂ ನಿಜ. ಆದರೆ ಆ ಪೆಟ್ಟಿಗೆಗೆ ಕೊನೆಯ ಪರಿಷ್ಕರಣೆ ಯಾವಾಗ ಬಂತು, ಇನ್ನೆಷ್ಟು ವರ್ಷ ಬರುತ್ತದೆ ಎಂದು ಗ್ರಾಹಕ ಸೇವಾ ಕೇಂದ್ರಕ್ಕೆ ಮೂರು ಬಾರಿ ಕರೆ ಮಾಡಿ ಕೇಳಿದರೂ ಉತ್ತರ ದೊರೆಯಲಿಲ್ಲ. ಪ್ರತಿ ಬಾರಿಯೂ ಹೆಚ್ಚಿನ ವೇಗದ ಹೊಸ ಯೋಜನೆಯ ವಿವರ ಮಾತ್ರ ದೊರೆಯಿತು.

ಹೀಗಾಗಿ ‘ನಾವೇ ಮಾಡಿಕೊಂಡರೆ ಹೇಗೆ?’ ಎಂಬ ಯೋಚನೆ. ದಾರಿಗಳು ಮೂರು.

ಮೊದಲನೆಯದು, ಅಟ್ಟದ ಮೇಲಿರುವ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸೇರಿಸಿ, ಅದರಲ್ಲಿ ಪಿಎಫ್‌ಸೆನ್ಸ್ ಅಥವಾ ಓಪಿಎನ್‌ಸೆನ್ಸ್‌ನಂಥ ಮುಕ್ತ ತಂತ್ರಾಂಶ ಹಾಕುವುದು. ಹಣ ಖರ್ಚಿಲ್ಲದ ದಾರಿಯಂತೆ ಇದು ಕಾಣುತ್ತದೆ. ಆದರೆ 60 ವ್ಯಾಟ್ ನುಂಗುವ ಕಂಪ್ಯೂಟರು ವರ್ಷವಿಡೀ ಚಾಲೂ ಇದ್ದರೆ 525 ಯೂನಿಟ್ ವಿದ್ಯುತ್ ಬೇಕು. ಯೂನಿಟ್‌ಗೆ 6 ರೂಪಾಯಿಯಂತೆ ಲೆಕ್ಕ ಹಾಕಿದರೆ ವರ್ಷಕ್ಕೆ 3,150 ರೂಪಾಯಿ. 10 ವ್ಯಾಟಿನ ಸಾಮಾನ್ಯ ರೂಟರಿಗಾದರೆ 525 ರೂಪಾಯಿ ಸಾಕು. ಎರಡು-ಮೂರು ವರ್ಷದಲ್ಲಿ ‘ಪುಕ್ಕಟೆ’ ಕಂಪ್ಯೂಟರು ಹೊಸ ರೂಟರಿನ ಬೆಲೆಯನ್ನು ತಿಂದುಹಾಕುತ್ತದೆ. ಶಬ್ದ, ಧೂಳು, ಬಿಸಿ ಬೇರೆ.

ಎರಡನೆಯದು, ಇಂಟೆಲ್ ಎನ್100ನಂಥ ಕಡಿಮೆ ವಿದ್ಯುತ್ತಿನ ಚಿಪ್ ಇರುವ, ಎರಡು ಅಥವಾ ನಾಲ್ಕು ಜಾಲ ಕಿಂಡಿಗಳುಳ್ಳ ಅಂಗೈಯಗಲದ ಕಂಪ್ಯೂಟರನ್ನು ಕೊಂಡು ಅದನ್ನೇ ರೂಟರ್ ಮಾಡಿಕೊಳ್ಳುವುದು. ಯಂತ್ರವಾಗಿ ಇದು ಅತ್ಯಂತ ಸಮರ್ಥ. ಆದರೆ ಕಂಪ್ಯೂಟರುಗಳೊಳಗಿನ ವೈ-ಫೈ ಕಾರ್ಡುಗಳು ಸಂಕೇತವನ್ನು ಸ್ವೀಕರಿಸಲು ರೂಪುಗೊಂಡವು. ಇಡೀ ಮನೆಗೆ ಹಂಚುವ ಕೆಲಸದಲ್ಲಿ ಅವು ಸೋಲುತ್ತವೆ. ಕಾಂಕ್ರೀಟ್ ಗೋಡೆಗಳ ನಮ್ಮ ಮನೆಗಳಲ್ಲಂತೂ ವೈ-ಫೈ ಬೀರಲು ಪ್ರತ್ಯೇಕ ಸಾಧನ ಬೇಕೇ ಬೇಕು. ಅಲ್ಲಿಗೆ ಎರಡು ಪೆಟ್ಟಿಗೆ, ಎರಡು ಅಡಾಪ್ಟರ್, ದುಪ್ಪಟ್ಟು ವೆಚ್ಚ.

ಮೂರನೆಯದು, ಓಪನ್‌ಡಬ್ಲ್ಯುಆರ್‌ಟಿ ಒಪ್ಪುವ ಸಿದ್ಧ ರೂಟರೊಂದನ್ನು ಕೊಂಡು ತಂತ್ರಾಂಶವನ್ನು ಮಾತ್ರ ಬದಲಿಸುವುದು. ಇಲ್ಲಿಯೂ ಎಚ್ಚರ ಬೇಕು. ಒಂದೇ ಹೆಸರಿನ ಮಾದರಿಯಲ್ಲಿ ಮೊದಲ ಆವೃತ್ತಿಗೆ ಒಂದು ಚಿಪ್, ಮೂರನೆಯ ಆವೃತ್ತಿಗೆ ಇನ್ನೊಂದು ಚಿಪ್ ಇರುವುದು ಈ ಉದ್ಯಮದಲ್ಲಿ ಮಾಮೂಲು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಪೆಟ್ಟಿಗೆಯ ಬೆನ್ನು ತಿರುಗಿಸಿ ಚೀಟಿಯ ಮೇಲಿನ ಆವೃತ್ತಿ ಸಂಖ್ಯೆ ಓದಿದ ಮೇಲೆಯೇ ಹಣ ಕೊಡಬೇಕು. ಅಗ್ಗದ ಎಷ್ಟೋ ರೂಟರುಗಳಲ್ಲಿ ಈ ತಂತ್ರಾಂಶ ಹಿಡಿಸುವಷ್ಟು ಸ್ಮೃತಿಯೇ ಇರುವುದಿಲ್ಲ. ಇದಕ್ಕೆಂದೇ ತಯಾರಾದ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ಸಾಧನ 2024ರ ಕೊನೆಯಲ್ಲಿ 89 ಡಾಲರ್ ಬೆಲೆಗೆ ಹೊರದೇಶದಲ್ಲಿ ಬಿಡುಗಡೆಯಾಯಿತು.

ಈ ಮೂರರಲ್ಲಿ ಯಾವುದನ್ನು ಹಿಡಿದರೂ ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಸಂಸ್ಥೆಯ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಕಿತ್ತುಹಾಕಲಾಗದು. ಅದು ಬರೀ ಸೇತುವೆಯಂತೆ ವರ್ತಿಸಲಿ, ಉಳಿದದ್ದನ್ನು ನಮ್ಮ ರೂಟರು ನೋಡಿಕೊಳ್ಳಲಿ ಎಂದು ಹೊಂದಿಸಿಕೊಳ್ಳಬೇಕು. ಇದನ್ನು ಬ್ರಿಜ್ ಮೋಡ್ ಎನ್ನುತ್ತಾರೆ. ಇದಕ್ಕೆ ಸಂಸ್ಥೆಯ ಸಹಕಾರ ಬೇಕು. ಸ್ಥಿರ ದೂರವಾಣಿಯೂ ಅದೇ ಪೆಟ್ಟಿಗೆಯ ಮೂಲಕ ಬರುತ್ತಿದ್ದರೆ ತೊಡಕು ಇನ್ನೂ ಹೆಚ್ಚು.

ಇಷ್ಟೆಲ್ಲ ಮಾಡಿದರೆ ಸಿಗುವುದೇನು? ವೇಗ ಹೆಚ್ಚುತ್ತದೆ ಎಂದುಕೊಂಡವರಿಗೆ ನಿರಾಸೆ ಕಾದಿದೆ. 100 ಮೆಗಾಬಿಟ್‌ಗೆ ಹಣ ಕಟ್ಟಿದವರಿಗೆ ಯಾವ ರೂಟರೂ 200 ಕೊಡಲಾರದು. ನಾವು ಯಾವ ತಾಣಗಳತ್ತ ಹೋಗುತ್ತೇವೆಂಬುದು ಸೇವಾ ಸಂಸ್ಥೆಗೆ ತಿಳಿಯದಂತೆ ಮಾಡುವ ಶಕ್ತಿಯೂ ಅದಕ್ಕೆ ತಾನಾಗಿ ಬರುವುದಿಲ್ಲ. ಲಾಭಗಳು ಬೇರೆಯೇ ಇವೆ.

ಒಂದು, ಸರದಿಯ ನ್ಯಾಯ. ಮನೆಯಲ್ಲಿ ಯಾರೋ ಮದುವೆಯ ವಿಡಿಯೊ ಕಳುಹಿಸುತ್ತಿರುವಾಗ ಪಕ್ಕದ ಕೋಣೆಯಲ್ಲಿ ಕಚೇರಿಯ ಸಭೆಯ ಧ್ವನಿ ಕತ್ತರಿಸಿಹೋಗುವುದನ್ನು ಎಲ್ಲರೂ ಅನುಭವಿಸಿದ್ದೇವೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಐನೂರು ಲಕೋಟೆ ಹೊತ್ತವನ ಹಿಂದೆ ಒಂದೇ ಒಂದು ಪತ್ರ ಹಿಡಿದ ಮುದುಕರು ನಿಂತಂತೆ ಇದು. ಮಾಹಿತಿಯನ್ನು ಅತಿಯಾಗಿ ಕೂಡಿಟ್ಟುಕೊಳ್ಳುವ ರೂಟರುಗಳ ಈ ದೋಷದತ್ತ ಜಿಮ್ ಗೆಟಿಸ್ ಎಂಬ ತಂತ್ರಜ್ಞರು 2010ರ ಸುಮಾರಿಗೆ ಗಮನ ಸೆಳೆದರು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪರಿಹಾರದ ಸೂತ್ರ ಕೊಟ್ಟರು. ಪ್ರತಿಯೊಬ್ಬರಿಗೂ ಸರದಿಯಂತೆ ಅವಕಾಶ ಕೊಡುವ ಅದರ ಸುಧಾರಿತ ರೂಪ ಓಪನ್‌ಡಬ್ಲ್ಯುಆರ್‌ಟಿಯಲ್ಲಿದೆ. ಅಗ್ಗದ ಎಷ್ಟೋ ರೂಟರುಗಳಲ್ಲಿ ಇಲ್ಲ.

ಎರಡು, ಪ್ರತ್ಯೇಕತೆ. ಹೆಸರೇ ಕೇಳದ ಕಂಪನಿಯ ಕ್ಯಾಮೆರಾ, ಹಳೆಯ ಟಿ.ವಿ. ಮತ್ತು ಬ್ಯಾಂಕಿನ ವ್ಯವಹಾರ ನಡೆಸುವ ಲ್ಯಾಪ್‌ಟಾಪ್ ಒಂದೇ ಜಾಲದಲ್ಲಿ ಇರಬೇಕಾಗಿಲ್ಲ. ಅವನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು ನಡುವೆ ಬಾಗಿಲು ಹಾಕಬಹುದು. ಅತಿಥಿಗಳಿಗೂ ಪ್ರತ್ಯೇಕ ಜಾಲ ಕೊಡಬಹುದು.

ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು, ಆಯುಷ್ಯ. ಮಾರಿದವನು ಮರೆತರೂ ಪರಿಷ್ಕರಣೆ ನಿಲ್ಲುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ದೋಷವೇ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬಾರದು. ಓಪನ್‌ಡಬ್ಲ್ಯುಆರ್‌ಟಿಯ ಪರಿಷ್ಕರಣಾ ಸರ್ವರ್‌ನಲ್ಲಿಯೇ 2024ರ ಡಿಸೆಂಬರ್‌ನಲ್ಲಿ ಗಂಭೀರ ಲೋಪವೊಂದು ಕಂಡುಬಂತು. ವರದಿ ತಲುಪಿದ ಕೆಲವೇ ಗಂಟೆಗಳಲ್ಲಿ ಅದನ್ನು ಸರಿಪಡಿಸಿ, ನಡೆದದ್ದನ್ನು ಎಲ್ಲರಿಗೂ ತಿಳಿಸಲಾಯಿತು. ನಂಬಿಕೆ ಹುಟ್ಟುವುದು ಲೋಪವಿಲ್ಲದಿರುವುದರಿಂದಲ್ಲ, ಲೋಪವನ್ನು ಬಚ್ಚಿಡದಿರುವುದರಿಂದ.

ಇನ್ನು ವಿರುದ್ಧದ ವಾದಗಳು. ‘ಮುಚ್ಚಿಡಲು ನನ್ನ ಬಳಿ ಏನಿದೆ?’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಮನೆಯ ರೂಟರು ಹಿಡಿದವನಿಗೆ ನಮ್ಮ ಗುಟ್ಟು ಬೇಕಾಗಿರುವುದಿಲ್ಲ. ಅವನಿಗೆ ಬೇಕಾಗಿರುವುದು ನಮ್ಮ ವಿಳಾಸ. ಅದನ್ನು ಮುಖವಾಡ ಮಾಡಿಕೊಂಡು ಆತ ಇನ್ನೆಲ್ಲೋ ಅಪರಾಧ ಎಸಗಬಹುದು. ಆಗ ಪೊಲೀಸರ ದಾಖಲೆಯಲ್ಲಿ ಬರುವುದು ನಮ್ಮ ಮನೆಯ ಸಂಪರ್ಕ. ಬೀಗ ಹಾಕುವುದು ನಮ್ಮ ಒಡವೆಗಾಗಿ ಮಾತ್ರವಲ್ಲ, ನಮ್ಮ ಜಗಲಿಯಲ್ಲಿ ನಿಂತು ನೆರೆಮನೆಗೆ ಕಲ್ಲು ತೂರುವವನನ್ನು ತಡೆಯುವುದಕ್ಕಾಗಿಯೂ ಹೌದು.

ಎರಡನೆಯ ವಾದಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಅದನ್ನು ಎತ್ತಿದವಳು ನನ್ನ ಪತ್ನಿ. ‘ನೀವು ಊರಲ್ಲಿ ಇಲ್ಲದಾಗ ಇದು ನಿಂತುಹೋದರೆ ನಾನು ಯಾರನ್ನು ಕೇಳಲಿ?’ ಎಂಬುದು ಅವಳ ಪ್ರಶ್ನೆ. ಅವಳ ಕಚೇರಿ ಕೆಲಸ ವಾರದಲ್ಲಿ ಮೂರು ದಿನ ಮನೆಯಿಂದಲೇ ನಡೆಯುತ್ತದೆ. ಮಗಳ ಪ್ರವೇಶ ಪರೀಕ್ಷೆಯ ತಯಾರಿ ಅಂತರಜಾಲದ ಮೇಲೆ ನಿಂತಿದೆ. ಅಮ್ಮ ಪ್ರತಿ ರಾತ್ರಿ ಎಂಟಕ್ಕೆ ಅಮೆರಿಕದಲ್ಲಿರುವ ತಮ್ಮನ ಮಕ್ಕಳ ಮುಖ ನೋಡದೆ ಊಟಕ್ಕೆ ಏಳುವುದಿಲ್ಲ. ಸಂಸ್ಥೆಯ ಪೆಟ್ಟಿಗೆಯಾದರೆ ಫೋನ್ ಮಾಡಿದರೆ ಯಾರೋ ಒಬ್ಬರು ಬರುತ್ತಾರೆ. ನಾನು ಕಟ್ಟಿದ ಪೆಟ್ಟಿಗೆಯ ಮುಂದೆ ಅವರು ಕೈಕಟ್ಟಿ ನಿಂತು, ‘ಮೊದಲು ನಮ್ಮದನ್ನು ಹಾಕಿ’ ಎನ್ನುತ್ತಾರೆ. ಒಬ್ಬನಿಗೆ ಮಾತ್ರ ಅರ್ಥವಾಗುವ ವ್ಯವಸ್ಥೆಯನ್ನು ಮನೆಮಂದಿಯ ಮೇಲೆ ಹೇರುವುದು ಸ್ವಾತಂತ್ರ್ಯವಲ್ಲ. ಅದುವರೆಗೆ ಕಂಪನಿಯನ್ನು ಅವಲಂಬಿಸಿದ್ದವರು ಇನ್ನು ಮುಂದೆ ನನ್ನನ್ನು ಅವಲಂಬಿಸುತ್ತಾರೆ, ಅಷ್ಟೇ ವ್ಯತ್ಯಾಸ. ಕಂಪನಿಗಾದರೂ ರಾತ್ರಿ ಹನ್ನೊಂದರವರೆಗೆ ದೂರವಾಣಿ ಇದೆ!

ಈ ಮಾತು ನನ್ನ ಲೆಕ್ಕಾಚಾರವನ್ನು ಬದಲಿಸಿತು. ಯಂತ್ರದ ಸಾಮರ್ಥ್ಯಕ್ಕಿಂತ, ನಾನಿಲ್ಲದಾಗಲೂ ಮನೆ ನಡೆಯಬೇಕೆಂಬುದು ಮೊದಲ ಷರತ್ತಾಯಿತು. ಆದ್ದರಿಂದ ಬಿಡಿಭಾಗಗಳನ್ನು ಜೋಡಿಸಿ ಕಂಪ್ಯೂಟರ್ ಕಟ್ಟುವ ಆಸೆಯನ್ನು ಬಿಟ್ಟು ಮೂರನೆಯ ದಾರಿ ಹಿಡಿಯಲು ತೀರ್ಮಾನಿಸಿದ್ದೇನೆ. ಮುಕ್ತ ತಂತ್ರಾಂಶ ಹಾಕಿದ ಒಂದು ಸಿದ್ಧ ರೂಟರು ಸಂಸ್ಥೆಯ ಪೆಟ್ಟಿಗೆಯ ಹಿಂದೆ ಕೆಲಸ ಮಾಡುತ್ತದೆ. ವಿದ್ಯುತ್ ಹೋದಾಗ ಎರಡನ್ನೂ ನಡೆಸಲು ಅಂಗಡಿಗಳಲ್ಲಿ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು. ನನ್ನ ರೂಟರು ಕೈಕೊಟ್ಟರೆ ಹಳೆಯ ವ್ಯವಸ್ಥೆಗೆ ಮರಳುವುದು ಹೇಗೆ, ಯಾವ ತಂತಿಯನ್ನು ಎಲ್ಲಿಂದ ತೆಗೆದು ಎಲ್ಲಿಗೆ ಸಿಕ್ಕಿಸಬೇಕು, ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು ಎಂಬುದನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಅದನ್ನು ನೋಡಿಕೊಂಡು ನನ್ನ ಸಹಾಯವಿಲ್ಲದೆ ಮಗಳು ಹತ್ತು ನಿಮಿಷದಲ್ಲಿ ಸಂಪರ್ಕ ಮರಳಿ ತರಬಲ್ಲಳಾದರೆ ಮಾತ್ರ ಈ ವ್ಯವಸ್ಥೆ ಉಳಿಯುತ್ತದೆ. ಇಲ್ಲವಾದರೆ ನನ್ನ ಪೆಟ್ಟಿಗೆ ಅಟ್ಟಕ್ಕೆ.

ಯಾರು ಈ ದಾರಿ ಹಿಡಿಯಬಹುದು ಎಂಬುದಕ್ಕೂ ಇದೇ ಅಳತೆಗೋಲು. ಎರಡು-ಮೂರು ತಿಂಗಳಿಗೊಮ್ಮೆ ಒಂದು ಗಂಟೆಯನ್ನು ಪರಿಷ್ಕರಣೆಗೆಂದು ತೆಗೆದಿಡಬಲ್ಲವರು ಮನೆಯಲ್ಲಿದ್ದರೆ ಇದು ಒಳ್ಳೆಯ ಆಯ್ಕೆ. ಉತ್ಸಾಹದಿಂದ ಕಟ್ಟಿ ಮರೆತುಬಿಡುವವರ ಮನೆಯ ರೂಟರು ಕಂಪನಿಯ ಪೆಟ್ಟಿಗೆಗಿಂತ ಹೆಚ್ಚು ಅಪಾಯಕಾರಿ. ಮರೆತ ಬಾಗಿಲು ಯಾರು ಮಾಡಿಸಿದ್ದಾದರೂ ಮರೆತ ಬಾಗಿಲೇ. ಅಂಥವರು ಈಗಿರುವ ಪೆಟ್ಟಿಗೆಯ ಆಡಳಿತದ ಪಾಸ್‌ವರ್ಡ್ ಬದಲಿಸಿದರೆ, ಸ್ವಯಂ ಪರಿಷ್ಕರಣೆ ಚಾಲೂ ಇದೆಯೆ ಎಂದು ನೋಡಿಕೊಂಡರೆ, ಪರಿಷ್ಕರಣೆ ನಿಂತುಹೋದ ಮಾದರಿಯನ್ನು ಬದಲಿಸಿಕೊಡಿರೆಂದು ಸಂಸ್ಥೆಯನ್ನು ಕೇಳಿದರೆ ಅರ್ಧ ದಾರಿ ಸವೆಸಿದಂತೆ.

ಉಳಿದ ಅರ್ಧ ದಾರಿ ಮಾತ್ರ ವ್ಯಕ್ತಿಗಳಿಂದ ಸವೆಯುವಂಥದ್ದಲ್ಲ. ಕಲುಷಿತ ನೀರಿನ ಸಮಸ್ಯೆಗೆ ಪ್ರತಿ ಮನೆಯೂ ಶುದ್ಧೀಕರಣ ಯಂತ್ರ ಕೊಳ್ಳುವುದೇ ಪರಿಹಾರ ಎಂದು ನಂಬಿ ನಾವು ನಲ್ಲಿ ನೀರಿನ ಬಗ್ಗೆ ಕೇಳುವುದನ್ನೇ ನಿಲ್ಲಿಸಿದೆವು. ರೂಟರಿನ ವಿಷಯದಲ್ಲಿ ಹಾಗಾಗಬಾರದು. ಬಲ್ಲವರು ತಮ್ಮ ಪೆಟ್ಟಿಗೆ ಕಟ್ಟಿಕೊಂಡು ಸುಮ್ಮನಾದರೆ ಬಲ್ಲದವರ ಪರವಾಗಿ ಮಾತನಾಡುವವರು ಉಳಿಯುವುದಿಲ್ಲ.

ಬೇರೆ ದೇಶಗಳು ಏನು ಮಾಡಿವೆ ಎಂಬುದನ್ನು ಗಮನಿಸಬಹುದು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕರು ತಮಗೆ ಬೇಕಾದ ರೂಟರನ್ನು ಬಳಸುವುದು ಕಾನೂನುಬದ್ಧ ಹಕ್ಕು. ತನ್ನದನ್ನೇ ಬಳಸಬೇಕೆಂದು ಸೇವಾ ಸಂಸ್ಥೆ ಬಲವಂತಪಡಿಸುವಂತಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸುಲಭ ಪಾಸ್‌ವರ್ಡ್ ಇಟ್ಟು ಮಾರುವುದು ನಿಷಿದ್ಧ. ಕನಿಷ್ಠ ಎಷ್ಟು ಕಾಲ ಭದ್ರತಾ ಪರಿಷ್ಕರಣೆ ಒದಗಿಸಲಾಗುವುದೆಂದು ತಯಾರಕರು ಘೋಷಿಸಲೇಬೇಕು. ಐರೋಪ್ಯ ಒಕ್ಕೂಟದ ಸೈಬರ್ ಕಾಯ್ದೆ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದ್ದು, ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗಲಿವೆ. ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಪರಿಷ್ಕರಣೆ ಕೊಡಬೇಕೆಂದು ಅದು ಹೇಳುತ್ತದೆ.

ನಮ್ಮಲ್ಲಿ ಸಂಸ್ಥೆಗಳಿಗೆ ಕೊರತೆಯಿಲ್ಲ. ದೂರಸಂಪರ್ಕ ಇಲಾಖೆಯ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದೇ ಬೆಂಗಳೂರಿನಲ್ಲಿ. ಮನೆಬಳಕೆಯ ವೈ-ಫೈ ಸಾಧನಗಳಿಗೂ ಅದು ಭದ್ರತಾ ಮಾನದಂಡಗಳನ್ನು ರೂಪಿಸಿದೆ. 2017ರಲ್ಲಿ ಆರಂಭವಾದ ಸೈಬರ್ ಸ್ವಚ್ಛತಾ ಕೇಂದ್ರ ಸೋಂಕು ತಗುಲಿದ ಸಾಧನಗಳನ್ನು ಶುಚಿಗೊಳಿಸಲು ಉಚಿತ ಸಲಕರಣೆ ನೀಡುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕಿ’ನ ಚೌಕಟ್ಟಿಗೆ ಸಮಿತಿ ರಚಿಸಿ, ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನಗಳನ್ನು ಗುರುತಿಸಿತು. ಮಾರುವಾಗ ಪರೀಕ್ಷೆ ಮಾಡುವುದು ಅಗತ್ಯವೇ. ಆದರೆ ಮಾರಿದ ನಾಲ್ಕನೆಯ ವರ್ಷ ಆ ಪೆಟ್ಟಿಗೆಯನ್ನು ನೋಡಿಕೊಳ್ಳುವವರು ಯಾರು ಎಂಬುದು ಕೊಳ್ಳುವವನಿಗೆ ಕೊಳ್ಳುವ ದಿನವೇ ತಿಳಿಯಬೇಕು.

ಬೇಡಿಕೆಗಳು ಮೂರೇ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಎಷ್ಟು ದಿನದೊಳಗೆ ತಿನ್ನಬೇಕೆಂದು ಅಚ್ಚಾಗಿರುತ್ತದೆ, ಫ್ರಿಜ್ಜಿನ ಮೇಲೆ ವಿದ್ಯುತ್ ಉಳಿತಾಯದ ನಕ್ಷತ್ರಗಳಿರುತ್ತವೆ. ರೂಟರಿನ ಪೆಟ್ಟಿಗೆಯ ಮೇಲೂ ಪರಿಷ್ಕರಣೆಯ ಕೊನೆಯ ದಿನಾಂಕ ದಪ್ಪಕ್ಷರದಲ್ಲಿರಲಿ. ಸೇವಾ ಸಂಸ್ಥೆ ತಾನೇ ಕೊಟ್ಟ ಪೆಟ್ಟಿಗೆಗೆ ಆ ದಿನಾಂಕ ಮೀರಿದರೆ, ಗ್ರಾಹಕ ಕೇಳುವ ಮೊದಲೇ ಉಚಿತವಾಗಿ ಬದಲಿಸಿಕೊಡುವುದು ಕಡ್ಡಾಯವಾಗಲಿ. ತನ್ನದೇ ರೂಟರ್ ಬಳಸುತ್ತೇನೆ ಎಂಬ ಗ್ರಾಹಕನಿಗೆ ಬ್ರಿಜ್ ಮೋಡ್ ನಿರಾಕರಿಸದಂತೆ, ಅದಕ್ಕೆ ಹೆಚ್ಚುವರಿ ಶುಲ್ಕ ವಿಧಿಸದಂತೆ ನಿಯಮ ಬರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ.

ಅಲ್ಲಿಯವರೆಗೆ, ರೂಟರನ್ನು ಸ್ವತಃ ಕಟ್ಟಬೇಕೆ ಎಂದು ಕೇಳುವ ಮಿತ್ರರಿಗೆ ನಾನು ಮರುಪ್ರಶ್ನೆಯನ್ನೇ ಮುಂದಿಡುತ್ತೇನೆ: ಮುಂದಿನ ಐದು ವರ್ಷ ಅದನ್ನು ನೋಡಿಕೊಳ್ಳುವವರು ಯಾರು? ಉತ್ತರದಲ್ಲಿ ನಿಮ್ಮ ಹೆಸರಿದ್ದು, ನೀವಿಲ್ಲದಾಗ ಆ ಕೆಲಸ ಮಾಡಬಲ್ಲ ಇನ್ನೊಬ್ಬರ ಹೆಸರೂ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಇದೇ ಪ್ರಶ್ನೆಯನ್ನು ಪೆಟ್ಟಿಗೆ ಮಾರುವವರಿಗೂ, ಸೇವೆ ಕೊಡುವವರಿಗೂ, ಅವರಿಗೆ ಪರವಾನಗಿ ನೀಡುವ ಸರ್ಕಾರಕ್ಕೂ ಕೇಳುವುದನ್ನು ಮರೆಯಬೇಡಿ.